ಅವಳಿಗಾಗಿ ಕಟ್ಟಿಸಿದ ಕಕ್ಕಸು

ಅವಳು ಕೆಲಸಕ್ಕೆ ಬಂದು ತಿಂಗಳು ತುಂಬುವುದರೊಳಗೆ ನಮ್ಮ ಪ್ರೆಸ್ಸಿನ ಹಿಂದೆ ಹೆಂಗಸರಿಗೆಂದು ಒಂದು ಕಕ್ಕಸು ಎದ್ದು ನಿಂತಿತು. ಬಾಗಿಲಿಗೆ ಹಸಿರು ಬಣ್ಣ, ಒಳಗೆ ಚಿಲಕ, ನಲ್ಲಿ, ಹೊಸ ಪ್ಲಾಸ್ಟಿಕ್ ಬಕೆಟ್ಟು. ಅದೇ ಪ್ರೆಸ್ಸಿನಲ್ಲಿ ನಾನು ಅಷ್ಟು ಹೊತ್ತಿಗೆ ಎಂಟು ವರ್ಷ ದುಡಿದಿದ್ದೆ. ಎಂಟು ವರ್ಷವೂ ಬೆಳಿಗ್ಗೆ ಮನೆ ಬಿಟ್ಟ ಮೇಲೆ ಮಧ್ಯಾಹ್ನ ಊಟಕ್ಕೆ ಶಂಕರಪುರಂಗೆ ವಾಪಸ್ಸು ನಡೆಯುವ ತನಕ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ತಿಂಗಳ ಆ ಮೂರು ದಿನ ಸುಮ್ಮನೆ ರಜೆ ಹಾಕುತ್ತಿದ್ದೆ, ಕಾರಣ ಕೇಳಿದರೆ ತಲೆನೋವು ಅನ್ನುತ್ತಿದ್ದೆ. ಊರಿನ ಹೆಂಗಸರಿಗೆ ಪಕ್ಕದ ಮನೆಯವಳ ಒಡವೆ ನೋಡಿ ಹೊಟ್ಟೆಕಿಚ್ಚು ಬರುತ್ತದೆ. ನನಗೆ ಬಂದದ್ದು ಕಕ್ಕಸು ನೋಡಿ. ನಗುವವರು ನಗಲಿ, ನಕ್ಕು ಮುಗಿಸಿದ ಮೇಲೆ ಮುಂದೆ ಓದಲಿ.

ಪ್ರೆಸ್ಸು ಇದ್ದದ್ದು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ. ಮುಕ್ಕಾಲು ಪಾಲು ಕೆಲಸ ಲಗ್ನಪತ್ರಿಕೆಗಳದು, ಉಳಿದದ್ದು ಉಪನಯನ, ಗೃಹಪ್ರವೇಶ, ವೈಕುಂಠ ಸಮಾರಾಧನೆ. ಯಜಮಾನರು ಐವತ್ತು ದಾಟಿದವರು, ಮೆಲುಮಾತಿನವರು. ಅವರ ಜೊತೆಗೆ ಅಚ್ಚಿನ ಯಂತ್ರ ನಡೆಸುವ ಒಬ್ಬ ಮೆಷಿನ್‌ಮ್ಯಾನ್, ಮತ್ತು ಪ್ರೂಫ್ ನೋಡುವ ನಾನು. ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದ ಕಾಲ ಆಗತಾನೇ ಮುಗಿದು ಕಂಪ್ಯೂಟರ್ ಬಂದಿತ್ತು. ಕನ್ನಡದಲ್ಲಿ ತಪ್ಪಿಲ್ಲದೆ ಟೈಪ್ ಮಾಡುವ ಆಪರೇಟರ್ ಮಾತ್ರ ಸಿಕ್ಕಿರಲಿಲ್ಲ. ಒಂದು ದಿನ ನಾನು ಊಟ ಮುಗಿಸಿ ವಾಪಸ್ಸು ಬಂದಾಗ ಯಜಮಾನರು ಹೇಳಿದರು, "ಸೋಮವಾರದಿಂದ ಆಪರೇಟರ್ ಬರ್ತಾರಮ್ಮ. ಹಾಗೇ ಹಿಂದುಗಡೆ ಹೆಂಗಸರಿಗೆ ಅಂತ ಒಂದು ಟಾಯ್ಲೆಟ್ ಕಟ್ಟಿಸ್ತಿದೀನಿ."

ಅಂತೂ ದೇವರು ಕಣ್ಣು ಬಿಟ್ಟ ಅಂದುಕೊಂಡೆ. ಎಂಟು ವರ್ಷದ ಮೇಲಾದರೂ ಈ ಮನುಷ್ಯನಿಗೆ ನನ್ನ ಕಷ್ಟ ತಿಳಿಯಿತಲ್ಲ ಎಂದು ಆ ದಿನ ಮನೆಯಲ್ಲಿ ಅವರನ್ನು ಹೊಗಳಿದ್ದೇ ಹೊಗಳಿದ್ದು.

ಸೋಮವಾರ ಅವಳು ಬಂದಳು. ತಿಳಿನೀಲಿ ವಾಯಿಲ್ ಸೀರೆ, ಎಣ್ಣೆ ಹಾಕಿ ಬಿಗಿದ ಜಡೆ, ಮೊಳ ಕಾಕಡ ಹೂವು. ಅಗಲ ಭುಜ, ಅಗಲ ಅಂಗೈ. "ನಮಸ್ಕಾರ ಮೇಡಂ" ಅಂದಾಗ ದನಿ ಕೇಳಿ ನನಗೆ ಗೊತ್ತಾಯಿತು. ಅವಳ ಸರ್ಟಿಫಿಕೇಟಿನಲ್ಲಿ ಇದ್ದದ್ದು ಗಂಡು ಹೆಸರು. ನಮ್ಮ ಕಡೆ ಅಂಥವರಿಗೆ ಆಗ ಇದ್ದ ಮಾತುಗಳಲ್ಲಿ ಒಂದೂ ಬರೆಯುವಂಥದ್ದಲ್ಲ. ನಾನು ಅಂಥವರನ್ನು ಕಂಡದ್ದು ಅಂಗಡಿ ಬಾಗಿಲಲ್ಲಿ ಮಾತ್ರ. ಬೆಳಗಿನ ಬೋಣಿ ಹೊತ್ತಿಗೆ ಬಂದು ಚಪ್ಪಾಳೆ ತಟ್ಟುತ್ತಿದ್ದರು. ಅಂಗಡಿಯವರು ಏನಾದರೂ ಕೊಟ್ಟು, ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಡಿಸಿಕೊಂಡು ಹರಕೆ ತೆಗೆದುಕೊಂಡು, ಬೇಗ ಸಾಗಹಾಕುತ್ತಿದ್ದರು. ಹರಸುವ ಕೈ ಎಲ್ಲರಿಗೂ ಬೇಕಿತ್ತು, ದುಡಿಯುವ ಕೈ ಯಾರಿಗೂ ಬೇಕಿರಲಿಲ್ಲ. ಇದೆಲ್ಲ ಈಗ ಹೊಳೆಯುವ ಮಾತು. ಆ ಸೋಮವಾರ ನನಗೆ ಹೊಳೆದದ್ದು ಒಂದೇ: ಕಕ್ಕಸು ನನಗಲ್ಲ, ಇವಳಿಗೆ.

ಉಪಯೋಗಿಸದೆ ಬಿಟ್ಟೆನೇ? ಅದರ ಬಾಗಿಲು ತೆರೆದ ಮೊದಲ ದಿನವೇ ಹೋಗಿಬಂದೆ. ಹತ್ತು ಗಂಟೆಗೊಂದು ಲೋಟ, ಹನ್ನೊಂದೂವರೆಗೊಂದು ಲೋಟ ನೀರು ಕುಡಿಯಲು ಶುರುಮಾಡಿದೆ. ನೀರಿಲ್ಲದೆ ನಿಜಕ್ಕೂ ಬರುತ್ತಿದ್ದ ಎಷ್ಟೋ ವರ್ಷದ ತಲೆನೋವು ಹದಿನೈದು ದಿನದಲ್ಲಿ ಮಾಯವಾಯಿತು. ಆದರೂ ಪ್ರತಿ ಸಲ ಆ ಚಿಲಕ ಹಾಕುವಾಗ ಹೊಟ್ಟೆ ಉರಿಯುತ್ತಿತ್ತು. ಇಲ್ಲೇ ಸವೆದವಳಿಗೆ ಇಲ್ಲದ್ದು ಎಲ್ಲಿಂದಲೋ ಬಂದವಳಿಗೆ ಬಂದ ತಿಂಗಳಲ್ಲೇ ಸಿಕ್ಕಿತಲ್ಲ.

ಹೊಟ್ಟೆಕಿಚ್ಚಿಗೆ ಒಂದು ಕಾರಣ ಸಿಕ್ಕರೆ ಸಾಕು, ಉಳಿದವು ತಾವೇ ಹುಡುಕಿಕೊಂಡು ಬರುತ್ತವೆ. ಯಜಮಾನರು ನನಗೆ "ಬಾಮ್ಮ, ಕೂತ್ಕೊಮ್ಮ" ಅನ್ನುತ್ತಿದ್ದರು. ಅವಳಿಗೆ ಮೊದಲ ದಿನದಿಂದ "ಬನ್ನಿ, ಕೂತ್ಕೊಳ್ಳಿ." ನನಗಿಂತ ಚಿಕ್ಕವಳು ಬೇರೆ. ಮೆಷಿನ್‌ಮ್ಯಾನ್ ಪತ್ರಿಕೆಯ ಕಟ್ಟು ಎಣಿಸುವಾಗ ಎಂಟರವರೆಗೆ ಪಿಸುಮಾತಲ್ಲಿ ಎಣಿಸಿ, 'ಒಂಬತ್ತು' ಬಂದಾಗ ಅವಳತ್ತ ತಿರುಗಿ ಜೋರಾಗಿ ಕೂಗುತ್ತಿದ್ದ. ಅಂಥವರನ್ನು ಬೀದಿಯಲ್ಲಿ ಹಾಗೇ ಕರೆದು ರೇಗಿಸುವುದಿತ್ತು. ನಾನೂ ಮುಸಿಮುಸಿ ನಗುತ್ತಿದ್ದೆ. ಮೂರನೇ ದಿನ ಯಜಮಾನರು ಎದ್ದು ಬಂದು, "ನೋಡಪ್ಪ, ಇನ್ಮೇಲೆ ಎಣಿಸೋದನ್ನ ಮನಸ್ಸಲ್ಲೇ ಎಣಿಸು. ಬಾಯಿ ಬಿಟ್ಟು ಎಣಿಸೋ ಹಾಗಿದ್ರೆ ಬೇರೆ ಪ್ರೆಸ್ ನೋಡ್ಕೋ" ಅಂದರು. ಅವನು ತೆಪ್ಪಗಾದ. ಅವನೇ ಹಿಂದೆ ಎಷ್ಟು ಸಲ ನನ್ನ ನಡಿಗೆಯನ್ನು ಆಡಿಕೊಂಡು ನಕ್ಕಿಲ್ಲ? ಆಗ ಯಜಮಾನರು ಪೇಪರಿನಿಂದ ತಲೆ ಎತ್ತಿರಲಿಲ್ಲ.

ಮತ್ತೆ ಅವಳ ಕೆಲಸ. ಅದಂತೂ ಸಹಿಸಲಾಗದ್ದು. ಹಿಂದೆ ಮೊಳೆ ಜೋಡಿಸಿ ಕಲಿತವಳು, ಅಕ್ಷರ ಅವಳ ಬೆರಳಲ್ಲಿತ್ತು. ಪತ್ರಿಕೆ ಮಾಡಿಸುವ ಪಾರ್ಟಿಯವರು ಗೀಚಿಕೊಟ್ಟ ಕಾಗದದಲ್ಲಿ ಗೋತ್ರದ ಹೆಸರು ತಪ್ಪಿದ್ದರೆ ನನ್ನನ್ನು ಕೇಳುವ ಮೊದಲೇ ತಿದ್ದಿರುತ್ತಿದ್ದಳು. 'ಆಶೀರ್ವಾದ'ಕ್ಕೆ ಯಾವ ಶ ಎಂದು ಯಜಮಾನರೇ ಅವಳನ್ನು ಕೇಳಲು ಶುರುಮಾಡಿದರು. ಅಲ್ಲಿಯವರೆಗೆ ಕೇಳುತ್ತಿದ್ದದ್ದು ನನ್ನನ್ನು.

ಮೊಳೆಯ ಕಾಲದಿಂದಲೂ ನಮ್ಮ ಪ್ರೆಸ್ಸಿನಲ್ಲಿ ಒಂದು ಪದ್ಧತಿ ಇತ್ತು. ಟೈಪ್ ಆದ ಪ್ರೂಫನ್ನು ಆಪರೇಟರ್ ಹಿಡಿದುಕೊಳ್ಳಬೇಕು, ಪಾರ್ಟಿಯ ಕೈಬರಹವನ್ನು ನಾನು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಬೇಕು, ಅಕ್ಷರ ಅಕ್ಷರ ಬಿಡಿಸಿ. ಕಣ್ಣಿಗೆ ತಪ್ಪಿಸಿಕೊಂಡದ್ದು ಕಿವಿಗೆ ಸಿಕ್ಕಿಬೀಳುತ್ತದೆ. ಕೊನೆಗೆ ನಾನು ಮೂಲೆಯಲ್ಲಿ ಸಹಿ ಹಾಕಬೇಕು. ಸಹಿ ಬಿದ್ದ ಮೇಲೆ ತಪ್ಪೇನಾದರೂ ಉಳಿದರೆ ಟೈಪ್ ಮಾಡಿದವರನ್ನು ಯಾರೂ ಕೇಳುವುದಿಲ್ಲ, ಸಹಿ ಹಾಕಿದವರನ್ನು ಕೇಳುತ್ತಾರೆ. ಎಂಟು ವರ್ಷ ನಡೆದುಬಂದ ಆ ಪದ್ಧತಿಯನ್ನು ನಾನು ನಿಲ್ಲಿಸಿದೆ. ಅವಳ ಪಕ್ಕ ಮಂಡಿಗೆ ಮಂಡಿ ತಾಗಿಸಿ ಕೂರಲು ನನಗೆ ಮನಸ್ಸಿರಲಿಲ್ಲ. "ಗಂಟಲು ಸರಿಯಿಲ್ಲ, ಪ್ರೂಫ್ ನನ್ನ ಟೇಬಲ್ ಮೇಲಿಡಿ, ನಾನೇ ನೋಡ್ಕೋತೀನಿ" ಅಂದೆ. ಎರಡು ತಿಂಗಳು ನನ್ನ ಗಂಟಲು ಸರಿಹೋಗಲೇ ಇಲ್ಲ. ಅವಳು ನಂಬಿದಳು. ಕಲ್ಲುಸಕ್ಕರೆ, ಕಾಳುಮೆಣಸು ಪೊಟ್ಟಣ ಕಟ್ಟಿ ತಂದುಕೊಟ್ಟಳು. ಅದನ್ನೂ ತಿಂದೆ.

ಹೀಗಿರುವಾಗ ಗವಿಪುರಂ ಕಡೆಯ ಒಂದು ದೊಡ್ಡ ಮನೆತನದ ಮದುವೆ ಪತ್ರಿಕೆ ಬಂತು, ಗಂಡಿನ ಕಡೆಯದು. ಲಗ್ನಪತ್ರಿಕೆಯಲ್ಲಿ ಗಂಡಿನ ಹೆಸರಿನ ಹಿಂದೆ 'ಚಿ|| ರಾ||' ಇರುತ್ತದೆ, ಹೆಣ್ಣಿನ ಹೆಸರಿನ ಹಿಂದೆ 'ಚಿ|| ಸೌ||', ಅಂದರೆ ಚಿರಂಜೀವಿ ಸೌಭಾಗ್ಯವತಿ. ಅವಳು ಹಿಂದಿನ ವಾರದ ಒಂದು ಹೆಣ್ಣಿನ ಕಡೆಯ ಪತ್ರಿಕೆಯ ಮೇಲೆಯೇ ಹೊಸ ಹೆಸರು ಕೂರಿಸಿದ್ದಳು. ಎಲ್ಲರೂ ಹಾಗೇ ಮಾಡುತ್ತಾರೆ, ಬೇಗ ಆಗುತ್ತದೆ. ಆದರೆ ಹೆಣ್ಣಿನ ಕಡೆಯ ಪತ್ರಿಕೆಯಲ್ಲಿ ಹೆಣ್ಣಿನ ಹೆಸರು ಮೊದಲು, ಗಂಡಿನ ಕಡೆಯದರಲ್ಲಿ ಗಂಡಿನದು ಮೊದಲು. ಹೆಸರು ಬದಲಾಯಿತು, ಅದರ ಹಿಂದಿನ ಅಕ್ಷರ ಬದಲಾಗಲಿಲ್ಲ, ಗಂಡಿನ ಹೆಸರಿಗೆ 'ಸೌ||' ಉಳಿದುಬಿಟ್ಟಿತು. ಗಟ್ಟಿಯಾಗಿ ಓದಿದ್ದರೆ ಆ ಎರಡಕ್ಷರ ಕಿವಿಗೆ ಕಲ್ಲಿನ ಹಾಗೆ ಸಿಗುತ್ತಿತ್ತು. ನಾನು ಓದಲೇ ಇಲ್ಲ. ಆ ದಿನ ಬೆಳಿಗ್ಗೆ ಯಜಮಾನರು ಅವಳಿಗೊಂದು ಹೊಸ ಕುರ್ಚಿ ತರಿಸಿದ್ದರು, ಕೈಯಿರುವ ಕುರ್ಚಿ. ಉರಿಯುವ ಕಣ್ಣಲ್ಲಿ ಆ ಕುರ್ಚಿ ನೋಡುತ್ತಾ ಪ್ರೂಫಿನ ಮೂಲೆಯಲ್ಲಿ ಸಹಿ ಗೀಚಿ ಕಳಿಸಿಬಿಟ್ಟೆ.

ನಾಲ್ಕು ದಿನದ ಮೇಲೆ ಹುಡುಗನ ತಂದೆ ಪತ್ರಿಕೆಯ ಕಟ್ಟು ತಂದು ಯಜಮಾನರ ಮೇಜಿನ ಮೇಲೆ ಕುಕ್ಕಿದರು.

"ಏನ್ ಸ್ವಾಮಿ ಇದು? ನಮ್ಮ ಹುಡುಗನ್ನ ಸೌಭಾಗ್ಯವತಿ ಮಾಡಿದೀರಲ್ಲ? ಬೀಗರ ಮನೆಗೂ ಹೋಗಿದೆ ಇದು, ಗೊತ್ತಾ? ಯಾರು ಮಾಡಿದ್ದು ಈ ಕೆಲಸ?"

ಮೆಷಿನ್‌ಮ್ಯಾನ್ ಗದ್ದವನ್ನು ಕಂಪ್ಯೂಟರಿನ ಕಡೆ ಎತ್ತಿದ. ಅವರು ತಿರುಗಿ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಓಹೋ, ಹಿಂಗೋ. ತನಗೇ ತಾನು ಗಂಡೋ ಹೆಣ್ಣೋ ಗೊತ್ತಿಲ್ಲ, ಇನ್ನು ಪತ್ರಿಕೇಲಿ ಗೊತ್ತಾಗತ್ತಾ?"

ಅವಳು ಎದ್ದು ನಿಂತಳು. ಮುಖ ಕೆಂಪಾಗಿತ್ತು, ದನಿ ಮಾತ್ರ ಅಲುಗಲಿಲ್ಲ.

"ಮೇಡಂ, ಆ ಪ್ರೂಫ್ ತೋರಿಸಿ ಸ್ವಲ್ಪ."

ಅಚ್ಚಾದ ಮೇಲೆ ವಾಪಸ್ಸು ಬಂದ ಪ್ರೂಫ್ ನನ್ನ ಡ್ರಾಯರಿನಲ್ಲಿತ್ತು. ಒಂದು ತಿದ್ದುಪಡಿಯೂ ಇಲ್ಲದ ಹಾಳೆ, ಮೂಲೆಯಲ್ಲಿ ನನ್ನ ಸಹಿ. "ನಾನು ತಿದ್ದಿ ಕೊಟ್ಟಿದ್ದೆ ಅನ್ಸತ್ತೆ," ಅಂದೆ, "ಪ್ರೂಫ್ ಎಲ್ಲಿಟ್ಟಿದೀನೋ, ಹುಡುಕ್ಬೇಕು."

ಅವಳು ನನ್ನನ್ನೇ ನೋಡಿದಳು. ನಾನು ಡ್ರಾಯರಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ.

"ನಾಳೆ ಸಂಜೆಯೊಳಗೆ ಹೊಸದಾಗಿ ಅಚ್ಚು ಹಾಕಿ ಮನೆಗೇ ಕಳಿಸ್ತೀನಿ ಸ್ವಾಮಿ," ಅಂದರು ಯಜಮಾನರು.

"ಅದು ಕಳಿಸಲೇಬೇಕು. ಆದ್ರೆ ಇದನ್ನ ಇಲ್ಲಿ ಇಟ್ಕೊಂಡ್ರೆ ನಮ್ಮ ಅಣ್ಣತಮ್ಮಂದಿರು, ಬೀಗರು, ಒಬ್ಬರ ಕೆಲಸಾನೂ ಈ ಪ್ರೆಸ್ಸಿಗೆ ಬರಲ್ಲ. ತಿಳ್ಕೊಳ್ಳಿ."

ಅವಳನ್ನು 'ಇದನ್ನ' ಅಂದರು. ಯಜಮಾನರು ಆ ಮಾತು ತಿದ್ದುತ್ತಾರೆ ಎಂದು ಕಾದೆ. ಕಾದೆ ಅಂದರೆ, ತಿದ್ದಿಬಿಟ್ಟಾರು ಎಂದು ಹೆದರಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಯೋಚನೆ ಮಾಡ್ತೀನಿ" ಅಂದರು. ಪಾರ್ಟಿಯವರು ಹೋದ ಮೇಲೆ ಅವರೂ ಛತ್ರಿ ತೆಗೆದುಕೊಂಡು ಕಾಗದದ ಅಂಗಡಿಗೆ ಹೊರಟುಹೋದರು.

ನನಗೆ ಆಗ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ? ಹೊಟ್ಟೆಯೊಳಗಿನ ಕೆಂಡಕ್ಕೆ ನೀರು ಹೊಯ್ದ ಹಾಗಾಯಿತು. ಕಕ್ಕಸು ಉಳಿಯುತ್ತದೆ, ಇವಳು ಹೋಗುತ್ತಾಳೆ ಎಂದು ಲೆಕ್ಕ ಹಾಕಿದ್ದೂ ನಿಜ.

ಅವಳು ಬಾಚಣಿಗೆ, ನೀರಿನ ಬಾಟಲು, ಊಟದ ಡಬ್ಬಿ ಎಲ್ಲ ಬ್ಯಾಗಿಗೆ ತುಂಬಿಕೊಂಡಳು. ನನ್ನ ಟೇಬಲ್ ಹತ್ತಿರ ಬಂದು ನಿಂತಳು.

"ಡ್ರಾಯರ್‌ನಲ್ಲೇ ಇದೆ ಅಲ್ವಾ ಮೇಡಂ?"

ನಾನು ಟೇಬಲ್ ಮೇಲಿದ್ದ ಬೇರೊಂದು ಪ್ರೂಫ್ ಎತ್ತಿಕೊಂಡೆ.

"ನಾನು ನಿಮಗೇನ್ ಮಾಡಿದ್ದೆ?"

ಅಷ್ಟು ಕೇಳಿದ್ದೇ ತಡ, ಎರಡು ತಿಂಗಳು ಕಟ್ಟಿಟ್ಟದ್ದೆಲ್ಲ ಬಾಯಿಗೆ ಬಂತು. "ಏನ್ ಮಾಡ್ಬೇಕು? ಎಂಟು ವರ್ಷ ಇಲ್ಲಿ ನೀರು ಕುಡೀದೆ ಕೆಲಸ ಮಾಡಿದೀನಿ. ನನ್ನ ಮುಖ ನೋಡಿ ಒಂದು ಇಟ್ಟಿಗೆ ಇಡಲಿಲ್ಲ ಇವರು. ನೀವು ಬಂದ್ರಿ, ಟಾಯ್ಲೆಟ್ ಬಂತು, ಕುರ್ಚಿ ಬಂತು, ಬನ್ನಿ ಹೋಗಿ ಬಂತು. ನಾನೇನು ಕಸಾನಾ?"

ಅವಳಿಗೆ ನಗು ಬಂತು. ನಗು ಅಂದರೆ ನಗುವಲ್ಲ, ಮೂಗಿನಲ್ಲಿ ಒಂದು ಸದ್ದು. "ಟಾಯ್ಲೆಟ್ಟಿಗಾ ಇಷ್ಟೆಲ್ಲ?" ಅಂದಳು. "ಅದು ನಾನು ಕೇಳಿದ್ದು ಮೇಡಂ. ಮೊದಲ ದಿನ ಮಾತಾಡೋಕೆ ಬಂದಾಗ್ಲೇ ಕೇಳ್ದೆ. ಗಂಡಸರದ್ದಕ್ಕೆ ನಾನು ಹೋಗಲ್ಲ, ಹೋದ್ರೆ ಏನಾಗತ್ತೆ ಅಂತ ನಂಗೊತ್ತು. ಇದಕ್ಕೆ ಮುಂಚೆ ಆರು ಪ್ರೆಸ್ಸಲ್ಲೂ ಇದೇ ಕೇಳಿದ್ದೆ. ಆರು ಕಡೆನೂ ಯೋಚನೆ ಮಾಡ್ತೀವಿ ಅಂದು ಕಳಿಸಿದ್ರು. ಇವರೊಬ್ಬರು ಕಟ್ಟಿಸಿದ್ರು. ಇವತ್ತು ಇವರೂ ಅದೇ ಮಾತು ಅಂದ್ರು."

"ನಾಳೆ ಬರ್ತೀರಲ್ಲ?" ಅಂದೆ. ಯಾಕೆ ಕೇಳಿದೆನೋ.

"ಕೆಲಸ ಹೋದ್ರೆ ನೀವು ಮನೆಗೆ ಹೋಗ್ತೀರಿ ಮೇಡಂ. ನಾನೆಲ್ಲಿಗೆ ಹೋಗ್ಲಿ? ಮನೆಯವರು ಬಾಗಿಲು ತೆಗೆಯಲ್ಲ. ನಂಗೆ ಚಪ್ಪಾಳೆ ತಟ್ಟೋಕೆ ಬರಲ್ಲ, ಟೈಪ್ ಮಾಡೋಕೆ ಬರತ್ತೆ."

ಅವಳು ಹೋದ ಮೇಲೆ ಬಹಳ ಹೊತ್ತು ಆ ಹಾಳೆ ಎದುರಿಗಿಟ್ಟುಕೊಂಡು ಕೂತೆ. ಬಾಯಿದ್ದವರು ಬರದಲ್ಲೂ ಬದುಕುತ್ತಾರೆ ಅನ್ನುವ ಗಾದೆ ಚಿಕ್ಕಂದಿನಿಂದ ಕೇಳಿದ್ದೆ. ಅವಳಿಗೆ ಬಾಯಿತ್ತು, ಕೇಳಿದಳು, ಆರು ಸಲ ಬೀದಿಗೆ ಬಿದ್ದಳು. ನನಗೂ ಬಾಯಿತ್ತು. ಎಂಟು ವರ್ಷದಲ್ಲಿ ಒಂದು ಸಲವೂ ತೆರೆಯಲಿಲ್ಲ, ಯಾರೂ ನನ್ನನ್ನು ಹೊರಗೆ ಹಾಕಲಿಲ್ಲ. ಅವಳ ಮೇಲೆ ಹೊಟ್ಟೆಕಿಚ್ಚು ಹೋಯಿತೇ ಎಂದರೆ ಇಲ್ಲ. ಈಗ ಅವಳ ಧೈರ್ಯದ ಮೇಲೂ ಬಂತು.

ಯಜಮಾನರು ವಾಪಸ್ಸು ಬಂದಾಗ ಪ್ರೂಫನ್ನು ಅವರ ಮುಂದಿಟ್ಟೆ. ಓದದೆ ಸಹಿ ಹಾಕಿದ್ದು ನಾನು, ಹುಡುಕಬೇಕು ಅಂದದ್ದು ಸುಳ್ಳು ಎಂದೆ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ಆಯ್ತಮ್ಮ," ಅಂದರು. "ಹೊಸ ಪತ್ರಿಕೆ ನೀನೇ ತಗೊಂಡು ಹೋಗು. ಅವರಿಗೆ ನೀನೇ ಹೇಳು. ಅವರು ಏನಂತಾರೆ ಕೇಳ್ಕೊಂಡು ಬಾ, ಆಮೇಲೆ ಆಪರೇಟರ್ ವಿಷಯ ನೋಡೋಣ."

ಅಲ್ಲಿಗೆ ನನ್ನ ಪಿತ್ತ ನೆತ್ತಿಗೇರಿತು. "ಟಾಯ್ಲೆಟ್ ಕಟ್ಟಿಸೋವಾಗ ಪಾರ್ಟಿನ ಕೇಳಿದ್ರಾ ಸರ್? ಈಗ್ಯಾಕೆ ಕೇಳ್ಬೇಕು?"

"ನಿನಗೆ ಗೊತ್ತಾಗಲ್ಲಮ್ಮ. ವ್ಯಾಪಾರ."

"ನಂಗೂ ಒಂದು ಕಟ್ಟಿಸ್ಬೇಕು ಅಂತ ನಿಮಗೆ ಯಾಕೆ ಅನ್ನಿಸ್ಲಿಲ್ಲ?"

"ನೀನು ಕೇಳಲೇ ಇಲ್ವಲ್ಲ. ಅಳದೇ ಇದ್ರೆ ಹೆತ್ತ ತಾಯಿನೂ ಹಾಲು ಕೊಡಲ್ಲ ಅಂತಾರೆ."

ಅವರು ಒಳ್ಳೆಯವರೇ. ಅವರ ಮಟ್ಟಿಗೆ ಅವರು ಮಾಡಿದಷ್ಟನ್ನು ಆ ಬೀದಿಯಲ್ಲಿ ಇನ್ಯಾರೂ ಮಾಡಿರಲಿಲ್ಲ. ಆದರೂ ಆ ಗಾದೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆಮೇಲೆ ಎಷ್ಟೋ ಅಂಗಡಿಯವರು, ಆಫೀಸಿನವರು ಅವಳಂಥವರ ವಿಷಯ ಬಂದಾಗ "ನಮ್ಮದೇನೂ ಅಭ್ಯಂತರ ಇಲ್ಲಪ್ಪ, ಬಂದ್ರೆ ಕೆಲಸ ಕೊಡ್ತೀವಿ" ಅನ್ನುವುದನ್ನು ಕೇಳಿದ್ದೇನೆ. ಬರುವವರು ಹೇಗೆ ಬರಬೇಕು? ಬಾಗಿಲಲ್ಲಿ ಆರು ಸಲ ಅತ್ತವಳು ಏಳನೇ ಸಲವೂ ಅಳಬೇಕೇ? ಅಭ್ಯಂತರ ಇಲ್ಲದಿದ್ದರೆ ಸಾಲದು. ಕೇಳುವ ಮೊದಲೇ ಚಿಲಕ ಇರುವ ಬಾಗಿಲು ಇರಬೇಕು, ಮೆಷಿನ್‌ಮ್ಯಾನ್ ಬಾಯಿಗೆ ಮೊದಲೇ ಬೀಗ ಇರಬೇಕು, ಗಿರಾಕಿ ಕಟ್ಟು ಕುಕ್ಕಿದಾಗ ಕನ್ನಡಕ ಒರೆಸದೆ ಉತ್ತರ ಹೇಳುವ ಯಜಮಾನ ಇರಬೇಕು. ಹಾಗೆ ಮಾಡಿದರೆ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತ ನನ್ನಂಥವಳಿಗೂ ನೀರು ಕುಡಿಯಲು ಸಿಗುತ್ತದೆ. ಇದು ದಾನಧರ್ಮದ ಮಾತಲ್ಲ. ಅವಳಷ್ಟು ಚೆನ್ನಾಗಿ ಕನ್ನಡ ಕೂರಿಸುವವರು ಅವರಿಗೆ ಇನ್ನೆಲ್ಲಿ ಸಿಗುತ್ತಿದ್ದರು?

ಮರುದಿನ ಅವಳು ಬಂದಳು, ಯಾರ ಜೊತೆಗೂ ಮಾತಾಡದೆ ಪತ್ರಿಕೆ ಸರಿಮಾಡಿಕೊಟ್ಟಳು. ನಾನು ಅವಳ ಪಕ್ಕ ಕೂತು ಗಟ್ಟಿಯಾಗಿ ಓದಿದೆ. ಅಚ್ಚಾಗುವುದರೊಳಗೆ ಸಂಜೆಯಾಯಿತು. ಅವಳು ಬ್ಯಾಗು ತುಂಬಿಕೊಂಡು ಪಾರ್ಟಿಯವರ ಮಾತಿಗೆ ಕಾಯುತ್ತಾ ಕೂತಳು. ನಾನು ಕಟ್ಟು ಹಿಡಿದು ಗವಿಪುರಂಗೆ ಆಟೋ ಹತ್ತಿದೆ. ಹುಡುಗನ ತಂದೆಯೇ ಬಾಗಿಲು ತೆಗೆದರು. ಒಂದು ಪತ್ರಿಕೆ ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿ, ಸರಿಯಾಗಿದೆ ಅಂದರು.

ದಾರಿಯುದ್ದಕ್ಕೂ ಮನಸ್ಸಲ್ಲಿ ಹೇಳಿಕೊಂಡು ಬಂದದ್ದನ್ನು ಹೇಳಿದೆ. "ಸರ್, ನಿನ್ನೆ ತಪ್ಪು ಅವರದ್ದಲ್ಲ. ಪ್ರೂಫ್ ನೋಡೋದು ನನ್ನ ಕೆಲಸ. ನಾನು ಓದದೆ ಸಹಿ ಹಾಕ್ದೆ. ನನ್ನಿಂದ ಆಗಿದ್ದು."

ಬಯ್ಗುಳಕ್ಕೆ ತಯಾರಾಗಿ ನಿಂತಿದ್ದೆ. ಮರ್ಯಾದೆ ಹೋಗುತ್ತದೆ, ಹೋಗಲಿ ಎಂದುಕೊಂಡಿದ್ದೆ.

"ಅಯ್ಯೋ, ನೀವಾ ಅಮ್ಮ?" ಅಂದರು ಅವರು. ಮುಖವೇ ಸಡಿಲವಾಯಿತು. "ಹೋಗ್ಲಿ ಬಿಡಿ. ನೀವೇನು ಬೇಕು ಅಂತ ಮಾಡಿರ್ತೀರಾ? ಕೆಲಸ ಮಾಡೋರ ಕೈಯಲ್ಲೇ ಅಲ್ವಾ ತಪ್ಪಾಗೋದು. ಬನ್ನಿ ಒಳಗೆ, ಕೂತ್ಕೊಳ್ಳಿ. ಇವಳೇ, ಒಂದು ಲೋಟ ಕಾಫಿ ತಾ."

"ಹಾಗಾದ್ರೆ ನಮ್ಮ ಆಪರೇಟರ್..."

"ಯಾರು? ಓ, ಅದಾ. ಇರ್ಲಿ ಬಿಡಿ ಪಾಪ. ಇರ್ಲಿ ಅಂದ್ರು ಅಂತ ಹೇಳ್ಬಿಡಿ ನಿಮ್ಮ ಯಜಮಾನ್ರಿಗೆ."

ಅದೇ ತಪ್ಪು. ಅದೇ ಎರಡಕ್ಷರ. ಅವಳ ಕೈಯಿಂದಾದಾಗ ಅವಳು ಗಂಡೋ ಹೆಣ್ಣೋ ಎಂಬ ಪ್ರಶ್ನೆ ಬಂತು, ನನ್ನ ಕೈಯಿಂದಾದಾಗ ಕಾಫಿ ಬಂತು. ಅವಳಿಗೆ ಸಿಕ್ಕಿದ್ದನ್ನೆಲ್ಲ ಎರಡು ತಿಂಗಳು ಬೆರಳು ಮಡಿಚಿ ಎಣಿಸಿದ್ದೆ. ನನಗೆ ಸಿಗುತ್ತಾ ಬಂದದ್ದನ್ನು ಒಂದು ದಿನವೂ ಎಣಿಸಿರಲಿಲ್ಲ. ಅವರ ಮನೆಯ ಕುರ್ಚಿಯಲ್ಲಿ ಕೂತ ನನ್ನನ್ನು ಅವಳು ನೋಡಿದ್ದರೆ ಎಷ್ಟು ಹೊಟ್ಟೆ ಉರಿದುಕೊಳ್ಳುತ್ತಿದ್ದಳೋ.

ಆ ಮನೆಯಾಕೆ ಕಾಫಿ ತಂದುಕೊಟ್ಟು, "ಸಕ್ಕರೆ ಸರಿಯಾಗಿದೆಯಾ ನೋಡಿ" ಅಂದರು. ನೋಡಿದೆ. ಸರಿಯಾಗಿತ್ತು. ಪೂರ್ತಿ ಕುಡಿದೆ.